ಉಯಿಲು ಬರೆಯುವ ಉಮೇದು

ಮನುಷ್ಯನಿಗೆ ಆಸ್ತಿ ಮಾಡುವ ಆಸೆ ಒಂದು ವಯಸ್ಸಿಗೆ ಬರುತ್ತದೆ. ಮಾಡದೆ ಹೋದ ಆಸ್ತಿಯನ್ನು ಹಂಚುವ ಆಸೆ ಇನ್ನೊಂದು ವಯಸ್ಸಿಗೆ. ನನಗೀಗ ಎರಡನೆಯ ವಯಸ್ಸು ನಡೆಯುತ್ತಿದೆ. ಬೆಳಗ್ಗೆ ಪಾರ್ಕಿನಲ್ಲಿ ಒಂದಷ್ಟು ಸುತ್ತು ಹಾಕಿದಂತೆ ಮಾಡಿ, ಉಳಿದ ಸುತ್ತುಗಳನ್ನು ನಾಳೆಗೆ ಮೀಸಲಿಟ್ಟು, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಸಮಾವೇಶಗೊಳ್ಳುವ ನಮ್ಮ ವಯೋವೃದ್ಧ ಪರಿಷತ್ತಿನಲ್ಲಿ ಮೊದಲು ಸಕ್ಕರೆ ಕಾಯಿಲೆ, ಆಮೇಲೆ ಮಂಡಿನೋವು, ಆಮೇಲೆ ಅಮೆರಿಕದಲ್ಲಿರುವ ಮಗ, ಆಮೇಲೆ ಅಮೆರಿಕಕ್ಕೆ ಹೋಗದೆ ಇಲ್ಲೇ ಉಳಿದು ತೊಂದರೆ ಕೊಡುತ್ತಿರುವ ಮಗ, ಈ ಕ್ರಮದಲ್ಲಿ ಚರ್ಚೆ ಸಾಗಿ, ಬಿಸಿಲು ಚುರುಕಾಗುವ ಹೊತ್ತಿಗೆ ಸರಿಯಾಗಿ ಉಯಿಲಿಗೆ ಬಂದು ನಿಲ್ಲುತ್ತದೆ. ಅದಾದ ಮೇಲೆ ಮಾತಾಡುವುದಕ್ಕೆ ಇನ್ನೇನೂ ಉಳಿದಿರುವುದಿಲ್ಲವಾದ್ದರಿಂದ ಎಲ್ಲರೂ ತಿಂಡಿಗೆ ಎದ್ದು ಹೋಗುತ್ತೇವೆ.

ಈಚೆಗೊಂದು ದಿನ ನಿವೃತ್ತ ಇಂಜಿನಿಯರೊಬ್ಬರು ಎಂದಿನ ಗಾಂಭೀರ್ಯದಲ್ಲಿ, "ನಾನಂತೂ ಎಲ್ಲಾ ಬರೆದಿಟ್ಟುಬಿಟ್ಟಿದೀನಿ ಕಣ್ರೀ. ನನ್ನ ಕೈಯಾರೆ. ಬೀರೂಲಿ ಸೀರೆಗಳ ಅಡೀಲಿ ಇದೆ. ಒಬ್ಬರಿಗೂ ಹೇಳಿಲ್ಲ" ಎಂದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಇನ್ನೊಬ್ಬರು ಮಫ್ಲರಿನೊಳಗಿಂದಲೇ ಕೇಳಿದರು: "ಸಾಕ್ಷಿ ಹಾಕಿಸಿದೀರಾ?"

"ಸಾಕ್ಷಿ ಯಾಕ್ರೀ? ನನ್ನ ಅಕ್ಷರ ನಮ್ಮ ಮನೆಯವರಿಗೆ ಗೊತ್ತಿಲ್ವೇ?"

"ಹಾಗಾದ್ರೆ ಅದು ಉಯಿಲಲ್ಲ ಸಾರ್. ಪತ್ರಲೇಖನ."

ಇಂಜಿನಿಯರು ಆವತ್ತು ತಿಂಡಿಗೆ ಬೇಗ ಹೊರಟುಹೋದರು. ನನಗೂ ಮನಸ್ಸು ತಡೆಯಲಿಲ್ಲ. ಯಾಕೆಂದರೆ ನಮ್ಮ ಮನೆಯ ಬೀರುವಿನಲ್ಲೂ, ದೊಡ್ಡ ಸತ್ಯಗಳೆಲ್ಲ ಹೋಗಿ ಸೇರುವ ಆ ಲಾಕರಿನ ಮೂಲೆಯಲ್ಲಿ, ನಾನೂ ಒಂದು ಹಾಳೆ ಬರೆದಿಟ್ಟವನೇ. ನೀವೂ ಬರೆದಿಟ್ಟಿರಬಹುದು. ಇಲ್ಲವೆಂದು ತಲೆಯಾಡಿಸಬೇಡಿ, ಆಪರೇಷನ್ನಿಗೆ ಮೊದಲೋ, ಕಾಶಿಗೆ ಹೊರಡುವ ಹಿಂದಿನ ರಾತ್ರಿಯೋ, ಇಲ್ಲ ಅಳಿಯನ ಮೇಲೆ ಸಿಟ್ಟು ಬಂದ ಸಂಜೆಯೋ, ಒಂದು ಹಾಳೆ ಹರಿದು ಏನಾದರೂ ಗೀಚಿಯೇ ಇರುತ್ತೀರಿ.

ನನ್ನ ಆಸ್ತಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ನೀವು ಏನೇನೋ ಊಹಿಸಿಕೊಳ್ಳುವುದು ಬೇಡ. ಸ್ಥಾವರವೆಂದರೆ ಸಾಲ ತೀರಿದ ಒಂದು ಫ್ಲ್ಯಾಟು. ಭೂಮಿಯನ್ನು ತಾಕದೆ ಮೂರನೆಯ ಅಂತಸ್ತಿನಲ್ಲಿ ತೂಗುತ್ತಿರುವುದನ್ನು ಸ್ಥಾವರವೆಂದು ಕರೆಯುವುದು ಸರ್ಕಾರದ ಔದಾರ್ಯ. ಜಂಗಮವೆಂದರೆ ಬ್ಯಾಂಕಿನಲ್ಲಿ ಒಂದಿಷ್ಟು ಡಿಪಾಜಿಟ್ಟು, ಈಗ ಜಂಗಮತ್ವವನ್ನು ಕಳೆದುಕೊಂಡು ನಿಂತಿರುವ ಒಂದು ಸ್ಕೂಟರು, ಮತ್ತು ಗೋಡೆಯುದ್ದಕ್ಕೂ ಪುಸ್ತಕಗಳು. ಈ ಪುಸ್ತಕಗಳನ್ನು ಯಾರಿಗೆ ಬಿಡಬೇಕೆಂದು ನಾನು ಪಟ್ಟಷ್ಟು ಚಿಂತೆಯನ್ನು ದಶರಥನೂ ಪಟ್ಟಿರಲಾರ. ಅವನಿಗಾದರೂ ರಾಜ್ಯ ಬೇಕೆನ್ನುವವರು ಮನೆಯಲ್ಲೇ ಇದ್ದರು. ಮಗಳಿಗೆ ಹೇಳಿದೆ. "ಅಪ್ಪಾ, ಫ್ಲ್ಯಾಟು ಬೇಕಾದ್ರೆ ಅಣ್ಣಂಗೇ ಬರಿ. ಪುಸ್ತಕ ಮಾತ್ರ ನಂಗೆ ಬರೀಬೇಡ" ಎಂದಳು. ತ್ಯಾಗವೆಂದರೆ ಇದು.

ಶಿರಸ್ತೇದಾರರ ಮಾತು ಸರಿಯೇ ತಪ್ಪೇ ಎಂದು ನೋಡುವುದಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯನ್ನು ಸಂಪಾದಿಸಿ ತಂದೆ. ಮಧ್ಯಾಹ್ನದ ನಿದ್ದೆಗೆ ಅನುಕೂಲವಾದೀತು ಎಂಬ ಉಪಪ್ರಯೋಜನವೂ ಮನಸ್ಸಿನಲ್ಲಿತ್ತು. ಆದರೆ ಆ ಪುಸ್ತಕ ನಿದ್ದೆ ಕೆಡಿಸಿತು. ಸಂಗತಿ ಏನೆಂದರೆ, ಅದನ್ನು ಬರೆದವರು ಎಷ್ಟೋ ನಿಯಮಗಳ ಕೆಳಗೆ ಉದಾಹರಣೆ ಕೊಟ್ಟಿದ್ದಾರೆ, ಒಂದೊಂದೂ ಎರಡು ಸಾಲಿನ ಕಾದಂಬರಿ. ಒಬ್ಬ ಪುಣ್ಯಾತ್ಮ 'ನನ್ನ ತಮ್ಮ ಜಾನ್‌ನ ಎರಡನೆಯ ಮಗ ಥಾಮಸ್‌ಗೆ' ಎಂದು ಬರೆದು ಸತ್ತನಂತೆ. ಜಾನ್‌ಗೆ ಥಾಮಸ್ ಎಂಬ ಮಗನೇ ಇಲ್ಲ. ಎರಡನೆಯವನ ಹೆಸರು ವಿಲಿಯಂ. ಕಾಯಿದೆ ಹೇಳುತ್ತದೆ: ಚಿಂತೆಯಿಲ್ಲ, ವಿಲಿಯಂಗೇ ಕೊಡಿ. ಇನ್ನೊಬ್ಬ ಒಬ್ಬ ಮಗಳಿಗೆ 'ಐದು ನೂರು ರೂಪಾಯಿ' ಎಂದೂ ಇನ್ನೊಬ್ಬಳಿಗೆ ಬರೀ 'ಐದು ನೂರು' ಎಂದೂ ಬರೆದನಂತೆ. ಅದಕ್ಕೂ ಚಿಂತೆಯಿಲ್ಲ, ಅವಳಿಗೂ ರೂಪಾಯಿಯೇ ಸಿಗಲಿ. ತಮ್ಮನ ಮಕ್ಕಳ ಹೆಸರು ನೆನಪಿಲ್ಲದ ದೊಡ್ಡಪ್ಪಂದಿರ ಮೇಲೆ ಈ ಕಾಯಿದೆಗೆ ಎಂಥ ವಾತ್ಸಲ್ಯ! ಹಾಗೆಂದು ಅತಿಯಾಗಿ ಸದರ ತೆಗೆದುಕೊಳ್ಳುವಂತಿಲ್ಲ. ಎಷ್ಟೆಂದು ಹೇಳದೆ 'ದುಡ್ಡು, ಗೋಧಿ, ಎಣ್ಣೆ ಕೊಟ್ಟಿದ್ದೇನೆ' ಎಂದು ಬರೆದಿಟ್ಟರೆ ಮಾತ್ರ ಅನಿಶ್ಚಿತವೆಂದು ತಳ್ಳಿಹಾಕುತ್ತದೆ. ದಿನಸಿ ಚೀಟಿಗೂ ಮರಣಶಾಸನಕ್ಕೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ.

ಇನ್ನು ಭಾಷೆ. 74ನೆಯ ಕಲಮಿನ ಪ್ರಕಾರ ಉಯಿಲಿಗೆ ಕಾನೂನಿನ ಪಾರಿಭಾಷಿಕ ಪದಗಳೇನೂ ಬೇಡ. ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ತಿಳಿದರೆ ಸಾಕು. ಇದನ್ನು ಓದಿದಾಗ ನನಗೆ ನಮ್ಮ ತಾಲ್ಲೂಕು ಕಚೇರಿಯ ಹುಣಸೆಮರದ ಕೆಳಗೆ ಇಳಿಜಾರು ಡೆಸ್ಕು ಇಟ್ಟುಕೊಂಡು ಕೂರುತ್ತಿದ್ದ ಬಾಂಡ್ ರೈಟರುಗಳ ನೆನಪಾಗಿ ಕನಿಕರವೆನಿಸಿತು. ಅವರ ಉಯಿಲು ಮಾನವ ಶರೀರದ ನಶ್ವರತ್ವದಿಂದ ಆರಂಭವಾಗಿ, ಜನನಮರಣಗಳು ದೈವಾಧೀನವೆಂಬ ಸಿದ್ಧಾಂತವನ್ನು ಸ್ಥಾಪಿಸಿ, ಸ್ವಸ್ಥಚಿತ್ತ, ಸ್ವಇಚ್ಛೆ, ಯಾರ ಬಲಾತ್ಕಾರ ಪ್ರೇರೇಪಣೆಗಳಿಲ್ಲದೆ ಎಂಬ ಮಹಾವಾಕ್ಯಗಳನ್ನು ದಾಟಿ, ಇನ್ನೇನು ಮೋಕ್ಷವೇ ಸಿಕ್ಕಿತು ಎನ್ನುವಷ್ಟರಲ್ಲಿ ದಡಕ್ಕನೆ ಚೆಕ್ಕುಬಂದಿಗೆ ಇಳಿದು 'ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ತಿಪ್ಪೆಗುಂಡಿ' ಎಂದು ಮುಗಿಯುತ್ತಿತ್ತು. ವೇದಾಂತದಿಂದ ತಿಪ್ಪೆಯವರೆಗೆ ಒಂದೇ ವಾಕ್ಯದಲ್ಲಿ ಕರೆದುಕೊಂಡು ಹೋಗಬಲ್ಲ ಗದ್ಯಕಾರರು ನಮ್ಮ ಸಾಹಿತ್ಯದಲ್ಲಿ ಹೆಚ್ಚಿಗಿಲ್ಲ.

ನಾನೂ ಒಂದು ಕಾಲದಲ್ಲಿ ಆ ವೃತ್ತಿಯಲ್ಲಿದ್ದವನೇ ಎಂದರೆ ನಿಮಗೆ ನಗು ಬರಬಹುದು. ಹಾಸನದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ತಂದೆಯ ಸೋದರತ್ತೆಯೊಬ್ಬರಿದ್ದರು. ಬಾಲ್ಯದಲ್ಲೇ ವಿಧವೆಯಾಗಿ ತವರಿಗೆ ಬಂದು, ಮೂರು ತಲೆಮಾರಿನ ಬಾಣಂತನ ಮಾಡಿ, ಮುದುಕಿಯಾಗಿ ಮೂಲೆ ಕೋಣೆ ಸೇರಿದ್ದ ಆಕೆ ಮನೆಮಂದಿಗೆಲ್ಲ ಬರೀ 'ಅತ್ತೆ'. ಆಕೆಯ ಸಮಸ್ತ ಚರಾಚರ ಆಸ್ತಿಯೂ ಒಂದು ತಗಡಿನ ಟ್ರಂಕಿನಲ್ಲಿತ್ತು: ಕೆಂಪುಕಲ್ಲಿನ ಒಂದು ಜೊತೆ ಓಲೆ, ಒಂದು ಬೆಳ್ಳಿ ಪಂಚಪಾತ್ರೆ, ಕೊಳ್ಳೇಗಾಲದ ಎರಡು ರೇಷ್ಮೆ ಸೀರೆ, ಒಂದು ಗಂಧದ ಕೊರಡು. ಆಕೆಗೆ ಓದು ಬಾರದು. ನನಗೆ ಆಗತಾನೆ ಒತ್ತಕ್ಷರ ಬಂದಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಆಕೆ ನನ್ನನ್ನು ಕರೆದು, ಕೋಡುಬಳೆಯ ಡಬ್ಬಿ ತೆಗೆದು ಪಕ್ಕದಲ್ಲಿಟ್ಟುಕೊಂಡು, "ಲೋ ಮರಿ, ಪೆನ್ಸಿಲ್ಲು ತಗೊಂಬಾ" ಎನ್ನುತ್ತಿದ್ದರು. ಲೇಖನವೃತ್ತಿಯಿಂದ ನಾನು ಪಡೆದ ಮೊದಲ ಸಂಭಾವನೆ ಆ ಕೋಡುಬಳೆ. ಆಮೇಲಿನ ಸಂಭಾವನೆಗಳು ಅಷ್ಟು ಗರಿಗರಿಯಾಗಿರಲಿಲ್ಲ.

ಅತ್ತೆಯ ಉಯಿಲು ಚಲನಶೀಲವಾದದ್ದು. ಓಲೆ ದೊಡ್ಡ ಸೊಸೆಗೆ ಎಂದು ಶನಿವಾರ ಬರೆಸಿದರೆ ಮಂಗಳವಾರ ಮತ್ತೆ ಕರೆ ಬರುತ್ತಿತ್ತು. "ಓಲೆ ದೊಡ್ಡೋಳಿಗೆ ಅಂತ ಬರೆದಿದ್ದೆಯಲ್ಲ, ಹೊಡೆದುಹಾಕು. ನಿನ್ನೆ ಕಾಫಿ ತಣ್ಣಗೆ ಮಾಡಿ ತಂದುಕೊಟ್ಟಳು. ಚಿಕ್ಕೋಳಿಗೆ ಅಂತ ಬರಿ." ಆ ವಾರದ ಕೊನೆಗೆ ಚಿಕ್ಕವಳು ಪಾದ ಒತ್ತುವುದನ್ನು ಮರೆತು ಸಿನಿಮಾಕ್ಕೆ ಹೋದ ಕಾರಣ ಓಲೆ ನಡುವಿನವಳಿಗೆ. ಹೊಡೆದುಹಾಕಿ ಹೊಡೆದುಹಾಕಿ ಹಾಳೆ ತೂತಾದಾಗ ಅದನ್ನು ಹರಿದು ಒಲೆಗೆ ಹಾಕಿಸಿ ಹೊಸದನ್ನು ಬರೆಸುತ್ತಿದ್ದರು. ಉಯಿಲನ್ನು ರದ್ದು ಮಾಡಬೇಕಾದರೆ ಸುಡಬಹುದು, ಹರಿಯಬಹುದು, ಇನ್ನಾವುದೇ ರೀತಿಯಲ್ಲಿ ನಾಶಮಾಡಬಹುದು ಎಂದು 70ನೆಯ ಕಲಮು ಹೇಳುತ್ತದೆಂದು ಈಗ ಓದಿ ತಿಳಿದೆ. ಸುಡುವುದು, ಹರಿಯುವುದು ಎರಡನ್ನೂ ಒಟ್ಟಿಗೇ ಮಾಡುತ್ತಿದ್ದ ಅತ್ತೆ ಕಾನೂನಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದರು.

ಪ್ರತಿ ಕರಡಿನ ಕೊನೆಗೂ ಒಂದು ಖಾಯಂ ಸಾಲಿತ್ತು: 'ಇದಕ್ಕೆ ತಪ್ಪಿ ನಡೆದವರಿಗೆ ಹೊಟ್ಟೆನೋವು ಬರಲಿ.' ಅದು ಅತ್ತೆಯ ಸ್ವಂತ ಕಲ್ಪನೆಯೆಂದೇ ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಶಾಸನಗಳ ಸಂಪುಟಗಳನ್ನು ತಿರುವಿಹಾಕುವ ಚಪಲ ಹತ್ತಿದಾಗ ಗೊತ್ತಾಯಿತು, ಇದು ಸಾವಿರ ವರ್ಷಕ್ಕೂ ಹಳೆಯ ಪರಂಪರೆ ಎಂದು. ಕರ್ನಾಟಕದ ದಾನಶಾಸನಗಳ ಕೊನೆಗೆ ಶಾಪಾಶಯವೆಂಬ ಒಂದು ಭಾಗವುಂಟು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂದೂ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂದೂ ರಾಜಾಧಿರಾಜರು ಕಲ್ಲಿನಲ್ಲಿ ಕೊರೆಯಿಸಿದ್ದಾರೆ. ಆನೆ, ಕುದುರೆ, ಸೇನೆ, ದಂಡನಾಯಕರು ಎಲ್ಲ ಇದ್ದವರೂ ತಾವು ಸತ್ತ ಮೇಲೆ ತಮ್ಮ ಮಾತನ್ನು ನಡೆಸುವುದಕ್ಕೆ ಕೊನೆಗೆ ನಂಬಿದ್ದು ಹುಳುವನ್ನು! ಅತ್ತೆಯ ಹೊಟ್ಟೆನೋವು ಅದಕ್ಕೆ ಹೋಲಿಸಿದರೆ ಎಷ್ಟೋ ಸೌಮ್ಯ. ಆದರೂ ಆ ಶಾಸನಗಳಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅನೇಕ ಕಡೆ ಶಾಪದ ಜೊತೆಗೆ ಸಾಕ್ಷಿಗಳ ಹೆಸರೂ ಇರುತ್ತದೆ. ಬರೀ ಶಾಪದ ಮೇಲೆ ಭಾರ ಹಾಕಿದರೆ ಸಾಲದೆಂದು ಆಗಲೇ ಬಲ್ಲವರಿಗೆ ಗೊತ್ತಿತ್ತು.

ಅತ್ತೆ ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಮೇಲೆ ಟ್ರಂಕು ತೆಗೆದರು. ಒಲೆಗೆ ಹೋಗದೆ ಉಳಿದ ಹಾಳೆಗಳು ಒಂದಲ್ಲ, ಮೂರು ಸಿಕ್ಕವು. ಮೂರೂ ನನ್ನ ದುಂಡು ಅಕ್ಷರದವು. ಒಂದರಲ್ಲೂ ತಾರೀಖಿಲ್ಲ. ಒಂದೊಂದರಲ್ಲಿ ಓಲೆ ಒಬ್ಬೊಬ್ಬ ಸೊಸೆಗೆ. ಅತ್ತೆಯ ಹೆಬ್ಬೆಟ್ಟಿನ ಗುರುತು ಇದ್ದದ್ದು ಒಂದರಲ್ಲಿ ಮಾತ್ರ, ಅದೂ ಮಸಿಯದ್ದಲ್ಲ, ಕೋಡುಬಳೆ ಎಣ್ಣೆಯದ್ದು. ತಂದೆಯವರು ಮೂರನ್ನೂ ಗಟ್ಟಿಯಾಗಿ ಓದಿ, ಮೂವರು ಸೊಸೆಯರ ಮುಖಗಳನ್ನೂ ನೋಡಿ, ಓಲೆಯನ್ನು ಮಾರಿಸಿ ವರ್ಷಾಬ್ದಿಕಕ್ಕೆ ಖರ್ಚು ಹಾಕಿದರು. ಯಾರಿಗೂ ಹೊಟ್ಟೆನೋವು ಬರಲಿಲ್ಲ. ಹೋಳಿಗೆ ಊಟವಾಗಿತ್ತಾದ್ದರಿಂದ ಬಂದಿದ್ದರೂ ಕಾರಣ ಹೇಳುವುದು ಕಷ್ಟವಾಗುತ್ತಿತ್ತು.

ಕೈಬರಹದ ಹಾಳೆಯ ಕಷ್ಟವೆಲ್ಲ ಈ ಟ್ರಂಕಿನಲ್ಲೇ ಇದೆಯೆಂದು ನೀವು ಹೇಳಬಹುದು. ಆದರೆ ಲೋಕ ದೊಡ್ಡದು, ಎಲ್ಲ ದೇಶಗಳೂ ನಮ್ಮಷ್ಟು ಬಿಗಿಯಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1948ರ ಜೂನ್ 8ರಂದು ಸೆಸಿಲ್ ಜಾರ್ಜ್ ಹ್ಯಾರಿಸ್ ಎಂಬ ರೈತ ಹೊಲದಲ್ಲಿ ತನ್ನ ಟ್ರ್ಯಾಕ್ಟರಿನಡಿಯೇ ಸಿಕ್ಕಿಬಿದ್ದ. ಗಂಟೆಗಟ್ಟಲೆ ಯಾರೂ ಬರಲಿಲ್ಲ. ಜೇಬಿನಲ್ಲಿದ್ದ ಚಾಕುವಿನಿಂದ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಈ ಅವಾಂತರದಲ್ಲಿ ತಾನು ಸತ್ತರೆ ಎಲ್ಲವೂ ಹೆಂಡತಿಗೆ ಎಂದು ಕೆರೆದು ಸಹಿ ಮಾಡಿದ. ರಾತ್ರಿ ಅವನನ್ನು ಹುಡುಕಿ ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಕೆಲವು ದಿನಗಳ ಮೇಲೆ ಯಾರದೋ ಕಣ್ಣಿಗೆ ಆ ಗೀರು ಬಿದ್ದು, ಮಡ್‌ಗಾರ್ಡನ್ನೇ ಕಳಚಿ ಕೋರ್ಟಿಗೆ ಹೊತ್ತುಕೊಂಡು ಹೋದರು. ಸ್ವಂತ ಕೈಬರಹದ ಉಯಿಲಿಗೆ ಆ ಪ್ರಾಂತ್ಯದಲ್ಲಿ ಸಾಕ್ಷಿ ಬೇಕಿರಲಿಲ್ಲವಾದ್ದರಿಂದ ಕೋರ್ಟು ಒಪ್ಪಿಕೊಂಡಿತು. ಆ ತಗಡಿನ ತುಂಡು ಇವತ್ತೂ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದಲ್ಲಿದೆ. ಪುಸ್ತಕಗಳ ನಡುವೆ ಮಡ್‌ಗಾರ್ಡು! ನನ್ನ ಸ್ಕೂಟರಿಗೂ ಅಂಥ ಗತಿ ಬರಬಾರದೇಕೆ ಎಂದು ಒಂದು ಕ್ಷಣ ಆಸೆಯಾಯಿತು. ಅದರಡಿ ಸಿಕ್ಕಿಕೊಳ್ಳುವುದು ಮಾತ್ರ ಬೇಡ.

ಇಂಗ್ಲೆಂಡಿನಲ್ಲಿ ಒಬ್ಬ ಇಡೀ ಉಯಿಲನ್ನು ಇಂಗ್ಲಿಷಿನ ಮೂರೇ ಪದಗಳಲ್ಲಿ ಮುಗಿಸಿದ್ದ: ಎಲ್ಲವೂ ಅಮ್ಮನಿಗೆ. ಸಾಕ್ಷಿಯೆಲ್ಲ ಸರಿಯಿತ್ತು. ಆದರೂ 1906ರಲ್ಲಿ ಅದು ಕೋರ್ಟು ಹತ್ತಿತು, ಯಾಕೆಂದರೆ ಅವನು ಅಮ್ಮ ಎಂದು ಕರೆಯುತ್ತಿದ್ದದ್ದು ಹೆತ್ತ ತಾಯಿಯನ್ನಲ್ಲ, ತನ್ನ ಮಕ್ಕಳ ತಾಯಿಯನ್ನು. ನ್ಯಾಯಾಧೀಶರು ಆ ಮನೆಯ ರೂಢಿಯನ್ನು ವಿಚಾರಿಸಿ ಹೆಂಡತಿಗೇ ಕೊಡಿಸಿದರು. ನಮ್ಮ ಕಡೆಯ ಹಿರಿಯರು ಹೀಗೆ ಬರೆದಿದ್ದರೆ ನ್ಯಾಯಾಧೀಶರ ಪಾಡೇನು? ನಮ್ಮ ತಾತ ಅಜ್ಜಿಯನ್ನು ಜೀವಮಾನದಲ್ಲಿ ಹೆಸರು ಹಿಡಿದು ಕರೆದವರಲ್ಲ. 'ಏನೇ', 'ಇಲ್ಲಿ ಕೇಳಿಸ್ತೇ', 'ಯಾರಲ್ಲಿ' ಎಂಬ ಮೂರು ಸಂಬೋಧನೆಗಳಲ್ಲಿ ಐವತ್ತು ವರ್ಷದ ದಾಂಪತ್ಯ ನಡೆಸಿದರು. ಎಲ್ಲವೂ 'ಯಾರಲ್ಲಿ'ಗೆ ಎಂದು ಬರೆದಿಟ್ಟಿದ್ದರೆ ಹೈಕೋರ್ಟಿನವರೆಗೂ ಹೋಗಬೇಕಾಗುತ್ತಿತ್ತು.

ಈಚಿನ ಕಾಲಕ್ಕೆ ಬಂದರೆ ಅಮೆರಿಕದ ಮಹಾಗಾಯಕಿ ಅರೀಥಾ ಫ್ರ್ಯಾಂಕ್ಲಿನ್. 2018ರಲ್ಲಿ ಆಕೆ ತೀರಿಕೊಂಡಾಗ ಉಯಿಲೇ ಇಲ್ಲವೆಂದುಕೊಂಡಿದ್ದರು. ಮರುವರ್ಷ ಮನೆ ಹುಡುಕಿದಾಗ ಬೀಗ ಹಾಕಿದ ಬೀರುವಿನಲ್ಲಿ 2010ರದೊಂದು, ಸೋಫಾದ ಮೆತ್ತೆಯ ಅಡಿಯಲ್ಲಿದ್ದ ನೋಟ್‌ಬುಕ್ಕಿನಲ್ಲಿ 2014ರದೊಂದು ಕೈಬರಹದ ಉಯಿಲು ಸಿಕ್ಕವು. ಹೊಡೆದುಹಾಕಿದ್ದು, ಅಂಚಿನಲ್ಲಿ ಸೇರಿಸಿದ್ದು ಎಲ್ಲ ಇತ್ತು. ಸಹಿಯಲ್ಲಿ ಒಂದು ನಗುಮುಖವೂ ಇತ್ತು. ಮಕ್ಕಳು ಮಿಚಿಗನ್ನಿನ ಕೋರ್ಟಿನಲ್ಲಿ ಎದುರುಬದುರಾದರು. 2023ರ ಜುಲೈಯಲ್ಲಿ ಜ್ಯೂರಿಯವರು ಒಂದು ಗಂಟೆಯೊಳಗೆ ಸೋಫಾದ ಕಡೆ ತೀರ್ಪು ಕೊಟ್ಟರು. ಬೀಗದ ಬೀರುವಿಗಿಂತ ಸೋಫಾ ಮೇಲೆಂದಲ್ಲ, ಎರಡರಲ್ಲಿ ಅದು ಈಚಿನದು, ಅಷ್ಟೆ. ನಮ್ಮ ಮನೆಯ ಸೋಫಾದಡಿ ಹುಡುಕಿ ನೋಡಿದೆ. ಒಂದು ಬಾಚಣಿಗೆ, ರದ್ದಾದ ಐನೂರರ ಒಂದು ನೋಟು ಸಿಕ್ಕವು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಂತೂ ತೀರಿಕೊಂಡವರೊಬ್ಬರ ಮೊಬೈಲಿನಲ್ಲಿ ಬರೆದು, ಕಳಿಸದೆ ಉಳಿಸಿದ್ದ ಒಂದು ಸಂದೇಶವನ್ನೇ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಉಯಿಲೆಂದು ಒಪ್ಪಿತು. ಮನೆ, ಹಣ ಯಾರಿಗೆ, ಟಿವಿಯ ಹಿಂದೆ ಸ್ವಲ್ಪ ನಗದು ಇದೆ, ಬ್ಯಾಂಕಿನ ವಿವರ ಇಂತಿಂಥದ್ದು, ಇದು ನನ್ನ ಉಯಿಲು ಎಂದೆಲ್ಲ ಬರೆದು ಕೊನೆಗೆ ಅಲ್ಲೂ ಒಂದು ನಗುಮುಖ. ಮರಣಶಾಸನಕ್ಕೂ ನಗುವಿಗೂ ಏನೋ ಸಂಬಂಧವಿರುವಂತೆ ಕಾಣುತ್ತದೆ. ನಮ್ಮ ಬಾಂಡ್ ರೈಟರುಗಳಿಗೆ ತಿಳಿಸಬೇಕು. ಆದರೆ ಇದನ್ನು ಓದಿದ ಹುಮ್ಮಸ್ಸಿನಲ್ಲಿ ನೀವು ವಾಟ್ಸ್ಯಾಪಿನಲ್ಲಿ ಫ್ಲ್ಯಾಟು ಹಂಚಲು ಹೊರಡಬೇಡಿ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ವ್ಯಾಪ್ತಿಯಿಂದ ಉಯಿಲನ್ನು ಉದ್ದೇಶಪೂರ್ವಕವಾಗಿ ಹೊರಗಿಟ್ಟಿದ್ದಾರೆ. ಸಾಯುವುದಕ್ಕೆ ಮಾತ್ರ ಇನ್ನೂ ಕಾಗದವೇ ಬೇಕು.

ಹಾಗಾದರೆ ನಮ್ಮ ಕಾನೂನು ಕೇಳುವುದಾದರೂ ಏನು? ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮನ್ನು ಜರಡಿ ಹಿಡಿದರೆ ಸಿಗುವುದು ಇಷ್ಟೆ: ಬರೆಸಿದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು, ಕೈಲಾಗದಿದ್ದರೆ ಅವರ ಎದುರಿಗೆ, ಅವರು ಹೇಳಿದಂತೆ, ಬೇರೆಯವರು ಹಾಕಬಹುದು. ಅದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ಕಣ್ಣಾರೆ ಕಂಡಿರಬೇಕು, ಇಲ್ಲವೇ 'ಹೌದಪ್ಪ, ಇದು ನಾನೇ ಹಾಕಿದ ಸಹಿ' ಎಂದು ಅವರ ಬಾಯಿಂದಲೇ ಕೇಳಿರಬೇಕು. ಮತ್ತು ಆ ಇಬ್ಬರೂ ಅವರ ಎದುರಿಗೇ ಸಹಿ ಮಾಡಬೇಕು. ಮುಗಿಯಿತು. ಛಾಪಾ ಕಾಗದ ಬೇಡ. ವಕೀಲರು ಬೇಡ. ಟೈಪು ಬೇಡ. ರಿಜಿಸ್ಟರು ಮಾಡಿಸುವುದು 1908ರ ನೋಂದಣಿ ಕಾಯಿದೆಯ ಪ್ರಕಾರ ನಿಮ್ಮ ಇಷ್ಟ. ಮಾಡಿಸಿದರೆ ಒಂದಿಷ್ಟು ಬಲ, ಮಾಡಿಸದಿದ್ದರೆ ದೋಷವಿಲ್ಲ. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿನಲ್ಲಿ ಇರಲೇಬೇಕೆಂದೂ ಇಲ್ಲ. ಇಂಗ್ಲಿಷರು ತಮ್ಮ 1837ರ ಕಾಯಿದೆಯಲ್ಲಿ ಇಬ್ಬರೂ ಒಟ್ಟಿಗೆ ನಿಂತು ನೋಡಬೇಕೆಂದು ಕಟ್ಟುಮಾಡಿಕೊಂಡಿದ್ದಾರೆ. ಆದರೆ ಭಾರತದಲ್ಲಿ ಇಬ್ಬರನ್ನು ಹೇಳಿದ ಸಮಯಕ್ಕೆ ಒಂದೇ ಕಡೆ ಸೇರಿಸುವುದು ಮನುಷ್ಯಪ್ರಯತ್ನಕ್ಕೆ ಮೀರಿದ್ದೆಂದು ಅವರಿಗೂ ಮನವರಿಕೆಯಾಗಿತ್ತೆಂದು ತೋರುತ್ತದೆ.

ಎಂದರೆ, ಬಸ್ ಟಿಕೆಟಿನ ಹಿಂದೆ ಬರೆದರೂ ಇಬ್ಬರು ನೋಡಿದ್ದರೆ ಅದು ಉಯಿಲು. ಚಿನ್ನದ ತಗಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರೂ ಯಾರೂ ನೋಡದಿದ್ದರೆ ಅದು, ಶಿರಸ್ತೇದಾರರು ಅಪ್ಪಣೆ ಕೊಡಿಸಿದಂತೆ, ಪತ್ರಲೇಖನ. ಇದಕ್ಕೆ ರಿಯಾಯಿತಿ ಇಲ್ಲವೆಂದಲ್ಲ. ಯುದ್ಧದಲ್ಲಿರುವ ಸೈನಿಕರು, ವಾಯುಪಡೆಯವರು, ಸಮುದ್ರದ ಮೇಲಿರುವ ನಾವಿಕರು ತಮ್ಮ ಕೈಯಲ್ಲೇ ಪೂರ್ತಿ ಬರೆದಿಟ್ಟರೆ ಸಾಕ್ಷಿಯೂ ಬೇಡ, ಸಹಿಯೂ ಬೇಡ; ಇಬ್ಬರೆದುರು ಬಾಯಲ್ಲಿ ಹೇಳಿದರೂ ನಡೆಯುತ್ತದೆ, ಬದುಕಿ ಬಂದು ಒಂದು ತಿಂಗಳಾದರೆ ಮಾತ್ರ ಆ ಬಾಯಿಮಾತು ಬಿದ್ದುಹೋಗುತ್ತದೆ. ಬೆಂಗಳೂರಿನಲ್ಲಿ ಹೊರವರ್ತುಲ ರಸ್ತೆ ದಾಟುವ ಪಾದಚಾರಿಗಳನ್ನೂ ಈ ಪಟ್ಟಿಗೆ ಸೇರಿಸಬಹುದಿತ್ತು. ಮುಸ್ಲಿಂ ಕಾನೂನಿನಲ್ಲಿ ಬಾಯಿಮಾತಿನ ವಸೀಯತ್ತಿಗೂ ಬೆಲೆಯಿದೆ. ಅಲ್ಲಿ ಕಟ್ಟು ಇರುವುದು ಅಳತೆಯಲ್ಲಿ, ವಾರಸುದಾರರು ಒಪ್ಪದೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬಿಡುವಂತಿಲ್ಲ. ಉಳಿದ ನಮ್ಮ ನಿಮ್ಮಂಥ ರಿಯಾಯಿತಿರಹಿತ ಪಾಮರರಿಗೆ ಇಬ್ಬರು ಸಾಕ್ಷಿಗಳೇ ಗತಿ.

ಯಾಕಿಷ್ಟು ಹಠ ಎಂದು ನನಗೂ ಮೊದಲು ಸಿಟ್ಟು ಬಂದಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಮೈಸೂರಿನಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಆ ಪ್ರಕರಣದಲ್ಲಿ 1958ರ ನವೆಂಬರಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪನ್ನು ಇವತ್ತಿಗೂ ದೇಶದ ಯಾವ ಮೂಲೆಯಲ್ಲಿ ಉಯಿಲಿನ ಜಗಳವಾದರೂ ವಕೀಲರು ಉರು ಹೊಡೆದು ಒಪ್ಪಿಸುತ್ತಾರೆ. ಅದರ ತಿರುಳು ಇದು: ಉಳಿದ ದಸ್ತಾವೇಜುಗಳನ್ನು ಬರೆದವನು ಕಟಕಟೆಗೆ ಬಂದು ಹೌದು ಅಲ್ಲ ಎನ್ನಬಹುದು, ಉಯಿಲು ಬಾಯಿ ಬಿಡುವುದೇ ಬರೆದವನ ಬಾಯಿ ಮುಚ್ಚಿದ ಮೇಲೆ. ಆದ್ದರಿಂದ ಕೋರ್ಟು ಅನುಮಾನ ಪಡಬೇಕು. ಸಹಿ ನಡುಗಿದೆಯೇ? ಬರೆಸಿದವರ ಬುದ್ಧಿ ಸ್ತಿಮಿತದಲ್ಲಿತ್ತೇ? ಮುಂದೆ ನಿಂತು ಬರೆಸಿದವನಿಗೇ ಹೆಚ್ಚಿನ ಲಾಭವಾಗಿದೆಯೇ? ಅನುಮಾನವನ್ನೆಲ್ಲ ಕಳೆಯುವ ಹೊರೆ ಉಯಿಲನ್ನು ತಂದವರ ಮೇಲೆಯೇ.

ಅನುಮಾನ ಎಷ್ಟು ಆರೋಗ್ಯಕರವೆನ್ನುವುದಕ್ಕೆ ಹೊವಾರ್ಡ್ ಹ್ಯೂಸ್ ಕತೆ ಕೇಳಿ. ಜನರ ಕಣ್ಣಿಗೆ ಬೀಳದೆ ಕೋಣೆಯೊಳಗೇ ಬದುಕಿದ ಆ ಅಮೆರಿಕದ ಕುಬೇರ 1976ರ ಏಪ್ರಿಲಿನಲ್ಲಿ ಸತ್ತ. ಅದೇ ತಿಂಗಳು ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನ ಕಚೇರಿಯ ಮೇಜಿನ ಮೇಲೆ, ಯಾರು ತಂದಿಟ್ಟರೆಂದು ಯಾರೂ ಕಾಣದಂತೆ, ಮೂರು ಹಾಳೆಯ ಕೈಬರಹದ ಉಯಿಲು ಪ್ರತ್ಯಕ್ಷವಾಯಿತು. ಅದರಲ್ಲಿ ಹದಿನಾರರಲ್ಲೊಂದು ಪಾಲು ಮೆಲ್ವಿನ್ ಡಮ್ಮರ್ ಎಂಬ ಪೆಟ್ರೋಲ್ ಬಂಕಿನವನಿಗೆ. ಕಾರಣ, ಅವನು ಹಿಂದೊಮ್ಮೆ ನೆವಾಡಾದ ಮರುಭೂಮಿಯಲ್ಲಿ ಬಿದ್ದಿದ್ದ ಗಡ್ಡದ ಮುದುಕನೊಬ್ಬನನ್ನು ಗಾಡಿಗೆ ಹತ್ತಿಸಿಕೊಂಡು ಊರು ಮುಟ್ಟಿಸಿದ್ದನಂತೆ. 1978ರಲ್ಲಿ ಲಾಸ್ ವೇಗಸ್ಸಿನ ಜ್ಯೂರಿ ಅದು ಹ್ಯೂಸ್ ಬರೆದದ್ದಲ್ಲವೆಂದು ತಳ್ಳಿಹಾಕಿತು. ಈ ಕತೆ ಓದಿದ ಮೇಲೆ ದಾರಿಯಲ್ಲಿ ಗಡ್ಡದ ಮುದುಕರು ಕೈ ತೋರಿಸಿದರೆ ನನಗೆ ಅವರ ಮೇಲೆ ಕರುಣೆಯಲ್ಲದೆ ಬೇರೆ ಭಾವನೆಗಳೂ ಬರುತ್ತವೆ.

ಮನೆಯಲ್ಲಿ ಕೂತು ಸ್ವಂತ ಕೈಯಲ್ಲಿ ಬರೆದದ್ದೆಲ್ಲ ಕೆಟ್ಟುಹೋಗುತ್ತದೆಂದೇನೂ ಅಲ್ಲ. ಲೋಕಪ್ರಸಿದ್ಧವಾದ ಒಂದು ಉಯಿಲು ಅಂಥದ್ದೇ. ಆಲ್‌ಫ್ರೆಡ್ ನೊಬೆಲ್ 1895ರ ನವೆಂಬರ್ 27ರಂದು ಪ್ಯಾರಿಸ್ಸಿನ ಸ್ವೀಡಿಷ್-ನಾರ್ವೇಜಿಯನ್ ಕ್ಲಬ್ಬಿನಲ್ಲಿ, ವಕೀಲರ ನೆರವಿಲ್ಲದೆ ತಾನೇ ಸ್ವೀಡಿಷ್ ಭಾಷೆಯಲ್ಲಿ ಬರೆದ ಹಾಳೆಗೆ ಸಹಿ ಹಾಕಿದ. ಮೂರು ಕೋಟಿ ಕ್ರೋನರ್‌ಗೂ ಮೀರಿದ ಸಂಪತ್ತು. ಅದನ್ನು ನೋಡಿಕೊಳ್ಳುವ ಸಂಸ್ಥೆಯನ್ನೇ ಹುಟ್ಟಿಸಿರಲಿಲ್ಲ. ಬಹುಮಾನ ಆರಿಸಬೇಕಾದವರನ್ನೂ ಒಂದು ಮಾತು ಕೇಳಿರಲಿಲ್ಲ. ಮರುವರ್ಷ ಸತ್ತಾಗ ಬಂಧುಗಳು ಸಿಟ್ಟಾದರು, ರಾಜನಿಗೂ ಹಿಡಿಸಲಿಲ್ಲ. ಉಯಿಲನ್ನು ಜಾರಿ ಮಾಡುವ ಹೊಣೆ ಹೊತ್ತ ರಾಗ್ನರ್ ಸೋಲ್‌ಮನ್ ಎಂಬ ತರುಣ ಇಂಜಿನಿಯರು ಪ್ಯಾರಿಸ್ಸಿನ ಬ್ಯಾಂಕುಗಳಿಂದ ಷೇರುಪತ್ರಗಳನ್ನು ಕುದುರೆಗಾಡಿಯಲ್ಲಿ ತುಂಬಿಕೊಂಡು, ಕೈಯಲ್ಲಿ ಪಿಸ್ತೂಲು ಹಿಡಿದು ಕೂತು ಸಾಗಿಸಬೇಕಾಯಿತು. ಇಷ್ಟೆಲ್ಲ ಕೊರತೆಯಿದ್ದ ಆ ಹಾಳೆಯಿಂದಲೇ 1913ರಲ್ಲಿ ಟಾಗೋರರಿಗೂ 1930ರಲ್ಲಿ ರಾಮನ್ನರಿಗೂ ಬಹುಮಾನ ಬಂದದ್ದು. ಅದು ನಿಂತದ್ದು ಹೇಗೆ? ನೊಬೆಲ್ ವಕೀಲರನ್ನು ಕರೆಯದಿದ್ದರೂ ಸಾಕ್ಷಿಗಳನ್ನು ಕರೆದಿದ್ದ. ಇಬ್ಬರನ್ನಲ್ಲ, ನಾಲ್ವರನ್ನು.

ಇಷ್ಟು ತಿಳಿದ ಮೇಲೆ ನಾನು ನನ್ನ ಹಾಳೆಯನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟುಕೊಂಡೆ. ಸಾಕ್ಷಿಗೆ ಯಾರನ್ನು ಕರೆಯುವುದು? ಎದುರು ಫ್ಲ್ಯಾಟಿನಲ್ಲಿ ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆಯವರು ಬದಲಾಗುತ್ತಾರೆ. ಮೇಲಿನವರ ಪರಿಚಯ ನನಗೆ ಅವರ ಬಚ್ಚಲಿನ ಸೋರಿಕೆಯ ಮೂಲಕ ಮಾತ್ರ ಉಂಟು. ಪಾರ್ಕಿನ ಪರಿಷತ್ತಿನವರು ಆಪ್ತರೇ, ಆದರೆ ಅವರೆಲ್ಲ ನನಗಿಂತ ಮುಂಚೆ ಹೊರಡುವ ಉತ್ಸಾಹದಲ್ಲಿರುವವರು. ಸಾಕ್ಷಿ ಹಾಕಿದವರು ಇಬ್ಬರೂ ಇಲ್ಲವಾದರೆ ಅವರ ಅಕ್ಷರವನ್ನು ಗುರುತಿಸುವವರನ್ನು ಹುಡುಕಿಕೊಂಡು ಮಕ್ಕಳು ಅಲೆಯಬೇಕಾಗುತ್ತದೆ. "ರೀ, ಸೊಪ್ಪಿನವಳಿದಾಳಲ್ಲ, ಅವಳನ್ನೇ ಕರೀರಿ. ನಿಮ್ಮನ್ನ ದಿನಾ ನೋಡೋಳು ಅವಳೊಬ್ಬಳೇ" ಎಂದರು ಮನೆಯವರು. ಮಾತು ತಮಾಷೆಗೆ ಹೇಳಿದ್ದಾದರೂ ನನಗೆ ಸ್ವಲ್ಪ ನಾಟಿತು. ನೂರು ವರ್ಷದ ಹಿಂದೆ ಕಾಯಿದೆ ಬರೆದವರು ಬಡವ ಬಲ್ಲಿದ, ಅಕ್ಷರಸ್ಥ ನಿರಕ್ಷರಸ್ಥ ಎಂದು ನೋಡದೆ, ಯಾರಿಗೇ ಆಗಲಿ ಕರೆದರೆ ಬರುವ ಇಬ್ಬರಾದರೂ ಇದ್ದೇ ಇರುತ್ತಾರೆ ಎಂದು ಧೈರ್ಯವಾಗಿ ನಂಬಿಬಿಟ್ಟಿದ್ದರು. ಬ್ಯಾಂಕಿನ ಬಾಕಿ ಎಷ್ಟು ಎಂದು ಫೋನಿನಲ್ಲೇ ನೋಡಿಕೊಳ್ಳುತ್ತೇನೆ. ಆ ಇಬ್ಬರ ಬಾಕಿ ಎಷ್ಟಿದೆ ಎಂದು ನೋಡಿಕೊಳ್ಳುವ ಪ್ರಸಂಗ ಈ ಹಾಳೆಯಿಂದ ಬಂತು.

ಕೊನೆಗೆ ಮೂರು ಮನೆ ಆಚೆಯ ಶಾಲಾ ಮಾಸ್ತರರನ್ನೂ, ಆ ಸೊಪ್ಪಿನವಳನ್ನೂ ಕರೆದು ಕೂರಿಸಿ, ಅವರೆದುರು ತಾರೀಖು ಹಾಕಿ ಸಹಿ ಮಾಡಿದೆ. "ಇದ್ರಾಗೆ ಏನೈತೆ ಬುದ್ಧಿ?" ಎಂದು ಆಕೆ ಕೇಳಿದಳು. ಸಾಕ್ಷಿಗಳು ಅದನ್ನು ಓದಬೇಕಿಲ್ಲವೆಂದು ತಿಳಿಸಿದೆ. "ಓದಾಕೆ ಬಂದಿದ್ರೆ ತಾನೆ" ಎಂದು ದುಂಡಗೆ ಸಹಿ ಹಾಕಿ, ಕಾಫಿ ಕುಡಿದು, ಕೀರೆ ಸೊಪ್ಪಿನ ಕಟ್ಟಿಗೆ ದುಡ್ಡು ತೆಗೆದುಕೊಂಡು ಹೋದಳು.

ಆದ್ದರಿಂದ ಓದುಗ ಮಹಾಶಯರೇ, ಬೀರುವಿನಲ್ಲೋ ಸೋಫಾದಡಿಯೋ ಬರೆದಿಟ್ಟ ಹಾಳೆ ನಿಮ್ಮಲ್ಲೂ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಅಕ್ಷರ ಹೇಗಾದರೂ ಇರಲಿ, ಕಾಗದ ಯಾವುದಾದರೂ ಆಗಲಿ. ತಾರೀಖು ಹಾಕಿ. ನಿಮಗಿಂತ ಚಿಕ್ಕವರಾದ, ಆ ಹಾಳೆಯಲ್ಲಿ ಪಾಲಿಲ್ಲದ ಇಬ್ಬರನ್ನು ಕರೆದು, ಅವರು ನೋಡುತ್ತಿರುವಾಗ ಸಹಿ ಮಾಡಿ, ನೀವು ನೋಡುತ್ತಿರುವಾಗ ಅವರಿಂದ ಮಾಡಿಸಿ. ಮನೆಯಲ್ಲಿಡಲು ಭಯವಾದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಬಹುದು; ಅದಕ್ಕೆಂದೇ ಬೆಂಕಿ ತಾಗದ ಪೆಟ್ಟಿಗೆಯೊಂದನ್ನು ಕಾಯಿದೆ ಅವರಿಗೆ ವಿಧಿಸಿದೆ. ಇಟ್ಟ ಜಾಗವನ್ನು ಒಬ್ಬರಿಗಾದರೂ ಹೇಳಿ. ಸಾಕ್ಷಿಗೆ ಬಂದವರಿಗೆ ಕಾಫಿ ಕೊಡುವುದನ್ನು ಮರೆಯಬೇಡಿ, ಬಿಸಿಯಾಗಿರಲಿ.